ಸಭೆಯಲ್ಲಿ ಹಂಚಿದ ಲೈಸೆನ್ಸ್ ಕೀ

ಶಾಲು ಹೊದಿಸಿದರು. ಹಾರ ಹಾಕಿದರು. ತಟ್ಟೆಯಲ್ಲಿ ಎಲೆ ಅಡಿಕೆಯ ಜತೆ ಒಂದು ಕಾಗದ ಇಟ್ಟು ಕೈಗೆ ಕೊಟ್ಟರು. ಕಾಗದಕ್ಕೆ ಲ್ಯಾಮಿನೇಷನ್ ಬೇರೆ. ಒಳಗೆ ಇಂಗ್ಲಿಷ್ ಅಕ್ಷರ, ಅಂಕಿ, ನಡುನಡುವೆ ಅಡ್ಡಗೆರೆ.

"ಏನ್ರೀ ಇದು?" ಅಂದೆ.

"ಸಾಫ್ಟ್‌ವೇರ್ ಲೈಸೆನ್ಸ್ ಕೀ ಅಮ್ಮಾ. ನಿಮ್ ಹೆಸರಿಗೇ ಬಂದೈತೆ" ಎಂದರು ಅಧ್ಯಕ್ಷೆ.

ನಾನು ಓದಿದ್ದು ಮೂರನೇ ಕ್ಲಾಸು. ಕಂಪ್ಯೂಟರ್ ಮುಂದೆ ಒಂದು ದಿನವೂ ಕೂತವಳಲ್ಲ (ಅದರ ಮೇಲಿನ ಧೂಳು ಒರೆಸಿದ್ದೇನೆ, ಅಷ್ಟೇ). ನನಗ್ಯಾಕೆ ಕೀ?

ವಿಷಯ ಹೇಳುತ್ತೇನೆ ಕೇಳಿ. ನಮ್ಮದು ಹೆಣ್ಣುಮಕ್ಕಳ ಹೊಲಿಗೆ ಸಂಘ. ಚನ್ನಗಿರಿಯಲ್ಲಿ ಆಫೀಸು, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಸೆಂಟರ್. ಹೊನ್ನಾಳಿ ಕಡೆಗೆ ನಾನು ಡೈರೆಕ್ಟರ್. ಜಗಳೂರಿಗೆ ಕಂಪ್ಯೂಟರ್ ಕಸೂತಿ ಮಷಿನ್ ಬಂದಿದೆ. ಕಂಪ್ಯೂಟರಿನಲ್ಲಿ ಹೂವು, ಬಳ್ಳಿ ಬಿಡಿಸಿ ಕೊಟ್ಟರೆ ಮಷಿನ್ ಅದನ್ನೇ ಬ್ಲೌಸಿನ ಮೇಲೆ ಹೊಲಿಯುತ್ತದೆ. ಬಿಡಿಸಲು ಬರುವುದು ಇಡೀ ಸಂಘದಲ್ಲಿ ಒಬ್ಬಳಿಗೇ, ಜಗಳೂರು ಸೆಂಟರಿಗೆ ಬರುವ ಸೊಕ್ಕೆ ಹಳ್ಳಿಯ ರೇಣುಕಾಗೆ. ಇಷ್ಟು ದಿನ ಸಾಫ್ಟ್‌ವೇರಿನ ಪುಕ್ಕಟೆ ಟ್ರಯಲ್‌ನಲ್ಲೇ ಬಿಡಿಸಿದಳು. ಟ್ರಯಲ್ ಮುಗಿಯಿತು. ಹೊಸದು ಬಿಡಿಸುವುದಿರಲಿ, ಬಿಡಿಸಿಟ್ಟದ್ದೂ ತೆರೆಯದು. ಇನ್ನು ಕೀ ಬೇಕು. ಒಬ್ಬರಿಗೆ ಒಂದು.

ಸಂಘ ಐದು ಕೀ ಕೊಂಡಿತು. ಹಂಚಿದ್ದು ಹೇಗೆ? ವಾರ್ಷಿಕ ಸಭೆಯಲ್ಲಿ, ಹಿರಿತನದ ಪ್ರಕಾರ! ಅಧ್ಯಕ್ಷೆಗೆ, ಉಪಾಧ್ಯಕ್ಷೆಗೆ, ಮೂವರು ಡೈರೆಕ್ಟರುಗಳಿಗೆ. ಮುಗಿಯಿತು. ರೇಣುಕಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ನ್ಯಾಮತಿಯ ಡೈರೆಕ್ಟರ್ ತಮ್ಮ ಕೀಯನ್ನು ದೇವರ ಫೋಟೊ ಪಕ್ಕ ಇಟ್ಟು ಕುಂಕುಮ ಹಚ್ಚಿದ್ದಾರಂತೆ.

ನನ್ನ ಕಾಗದವನ್ನು ರೇಣುಕಾಗೆ ಕೊಟ್ಟರಾಯಿತಲ್ಲ ಅಂದುಕೊಂಡೆ. ಹಾಗಾಗುವುದಿಲ್ಲವಂತೆ. ಆಫೀಸಿನ ಕಂಪ್ಯೂಟರಿನಲ್ಲಿ ನನ್ನ ಹೆಸರು ತೆಗೆದು ಅವಳ ಹೆಸರು ಹಾಕಬೇಕು. ಅದನ್ನೆಲ್ಲ ನೋಡಿಕೊಳ್ಳುವ ಶಿವಕುಮಾರನಿಗೆ ಫೋನ್ ಮಾಡಿದೆ.

"ಲೋ, ನಂದು ತೆಗೆದು ಆ ಹುಡುಗಿಗೆ ಹಾಕು."

"ಹಾಕಾಕೆ ಎರಡು ನಿಮಿಷ ಸಾಕು ಅಜ್ಜಿ. ಕಮಿಟಿ ಒಪ್ಪಿಗೆ ಇಲ್ದೆ ಹೆಂಗೆ ಹಾಕ್ಲಿ? ನನ್ ಕೆಲ್ಸ ಹೋಗ್ತೈತೆ."

"ಐದು ಜನದಾಗೆ ಒಬ್ರಾದ್ರೂ ಮುಟ್ಯಾರೇನೋ ಅದನ್ನ?"

"ಒಬ್ರೂ ಮುಟ್ಟಿಲ್ಲ. ಇಲ್ಲಿ ಕಾಣ್ತೈತೆ. ಕಮಿಟಿಗೆ ಹೇಳೋರು ಯಾರು?"

ನಾನೇ ಹೇಳೋಣ ಎಂದು ಬಸ್ಸು ಹತ್ತಿದೆ. ಚನ್ನಗಿರಿಯ ಮೀಟಿಂಗಿನಲ್ಲಿ ಕಾಗದ ಮೇಜಿನ ಮೇಲಿಟ್ಟೆ. "ನನಗಿದು ಬ್ಯಾಡ. ರೇಣುಕಾಗೆ ಕೊಡ್ರಿ. ಮದುವೆ ಬ್ಲೌಸಿನ ಆರ್ಡರ್ ಬಿದ್ದಾವೆ, ಮಷಿನ್ ಸುಮ್ನೆ ನಿಂತೈತೆ."

ಜೋರು ಚಪ್ಪಾಳೆ. ಎಂಥ ದೊಡ್ಡ ಮನಸ್ಸು ಎಂದರು. ಆಮೇಲೆ ಉಪಾಧ್ಯಕ್ಷೆ ಎದ್ದರು.

"ಅಮ್ಮಾರು ಬಿಟ್ಟುಕೊಟ್ಟದ್ದು ಸರಿ. ಆದ್ರೆ ನಮ್ಮ ಗೌರವ ಸಲಹೆಗಾರರಿಗೆ ಆವತ್ತು ಏನೂ ಸಿಗ್ಲಿಲ್ಲ. ಮುನಿಸ್ಕಂಡು ಕುಂತಾರೆ. ಅವ್ರನ್ನ ಬಿಟ್ಟು ಕೂಲಿ ಹುಡುಗಿಗೆ ಕೊಟ್ರೆ ಚೆಂದಾಗಿ ಕಾಣ್ತೈತಾ?"

ಕಾಣುವುದಿಲ್ಲವಂತೆ. ಎಲ್ಲರೂ ಕೈ ಎತ್ತಿದರು, ನನ್ನನ್ನು ಬಿಟ್ಟು. ಕೀ ಸಲಹೆಗಾರರ ಪಾಲಾಯಿತು. "ಇನ್ನೊಂದು ತಗೊಳ್ರಿ ಹಂಗಾದ್ರೆ" ಅಂದೆ. ಮುಂದಿನ ವರ್ಷ ನೋಡೋಣ ಎಂದರು. ಟೀ ಬಂತು.

ದುಡಿಯುವ ಸಾಮಾನನ್ನೂ ನಾವು ಮರ್ಯಾದೆ ಅಂತ ಹಂಚುತ್ತೇವೆ. ಕೊಟ್ಟವರಿಗೂ ಖುಷಿ, ತಗೊಂಡವರಿಗೂ ಖುಷಿ. ಕೆಲಸ ಮಾಡುವವಳ ಕೈ ಮಾತ್ರ ಖಾಲಿ. ಇದು ಮುಂದೆ ಸರಿಹೋಗುತ್ತದೆ ಅಂತ ಬರೆಯಲು ನನಗೆ ಮನಸ್ಸಿಲ್ಲ. ಇಷ್ಟು ವರ್ಷದಲ್ಲಿ ಸರಿಹೋದದ್ದನ್ನು ನಾನಂತೂ ಕಂಡಿಲ್ಲ.

ಬ್ಲೌಸಿನ ಆರ್ಡರ್ ಬೇರೆ ಅಂಗಡಿಗೆ ಹೋದವು. ಮೊನ್ನೆ ರೇಣುಕಾ ಫೋನ್ ಮಾಡಿದಳು. ಅಳಲಿಲ್ಲ. ಅತ್ತಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದೆ.

"ಅಜ್ಜಿ, ಕೀ ಬ್ಯಾಡ ಬಿಡ್ರಿ. ನಾ ಬಿಡಿಸಿದ ಡಿಸೈನಾದ್ರೂ ತೆಗ್ಸಿ ಕೊಡ್ರಿ. ಬೇರೆ ಕಡೆ ಕೆಲ್ಸ ಕೇಳಾಕೆ ಹೋದ್ರೆ ಏನ್ ತೋರಿಸ್ಲಿ?"

ಶಿವಕುಮಾರನನ್ನು ಕೇಳಿದೆ. ಕೀ ಇರುವವರು ಯಾರಾದರೂ ಬಂದು ಲಾಗಿನ್ ಆದರೆ ತೆಗೆಯಬಹುದಂತೆ. ಐವರಿಗೂ ಫೋನ್ ಮಾಡಿದೆ. ಮೂವರು ಲಾಗಿನ್ ಅಂದರೇನು ಎಂದು ಕೇಳಿದರು. ಅಧ್ಯಕ್ಷೆ, ಮೀಟಿಂಗಿನಲ್ಲಿ ಇಡೋಣ ಎಂದರು. ಸಲಹೆಗಾರರು ಫೋನೇ ಎತ್ತಲಿಲ್ಲ.

ತಾನು ಬಿಡಿಸಿದ ಹೂವನ್ನು ತಾನೇ ನೋಡಲು ಆ ಹುಡುಗಿ ಇನ್ನು ಯಾರ ಕಾಲು ಹಿಡಿಯಬೇಕು?