ಕಿಟಕಿ ತೆಗೆಯುವವರು

ಸೋಮವಾರಪೇಟೆಯ ಟೈಲರ್ ಶಿವಶಂಕರಪ್ಪನವರು ಕರೆಂಟಿನ ಇಸ್ತ್ರಿಪೆಟ್ಟಿಗೆ ಎಂದರೆ ಮೂಗು ಮುರಿಯುತ್ತಿದ್ದರು. ಮೂವತ್ತು ವರ್ಷದಿಂದ ಅವರದು ಇದ್ದಿಲಿನದೇ. ಚಳಿಗಾಲದ ಸಂಜೆ ಅಂಗಡಿ ಮುಚ್ಚುವಾಗ, ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಹಿಂಬದಿಯ ಒಂದೇ ಕೋಣೆಯ ಮನೆಗೆ ಒಯ್ದು ಅಗ್ಗಿಷ್ಟಿಕೆಗೆ ಸುರಿಯುತ್ತಿದ್ದರು. ಹೆಂಡತಿ ಕಾಂತಮ್ಮ ಅಷ್ಟರೊಳಗೆ ಕಿಟಕಿಯನ್ನು ಗೇಣಗಲ ತೆಗೆದಿಟ್ಟಿರುತ್ತಿದ್ದರು.

"ಚಳಿ ಕಾಯ್ಸಕ್ಕೆ ಅಂತ ಕೆಂಡ ತಂದ್ರೆ, ಚಳಿನೂ ಒಳಗೆ ಕರೀತೀಯಲ್ಲೇ!" ಎಂದು ಇವರು ದಿನವೂ ರೇಗುವುದು, ಆಕೆ ಕಿವಿಗೇ ಹಾಕಿಕೊಳ್ಳದೆ ಕಾಲು ಚಾಚಿ ಕೂರುವುದು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಜೆಯ ಮಾತುಕತೆ ಶುರುವಾಗುತ್ತಿದ್ದದ್ದೇ ಹೀಗೆ.

ಮಳೆಗಾಲದಲ್ಲಿ ಕಾಂತಮ್ಮ ತೀರಿಕೊಂಡರು. ಡಿಸೆಂಬರ್ ಬಂತು. ಇವರು ಎಂದಿನಂತೆ ಕೆಂಡ ಸುರಿದು ಕೂತರು. ಕಿಟಕಿಯ ನೆನಪೇ ಬರಲಿಲ್ಲ. ಅದು ಆಕೆಯ ಕೆಲಸವಾಗಿತ್ತು. ಸಾರು ಕೊಡಲು ಬಂದ ಪಕ್ಕದ ಮನೆಯ ಸುಧಾ ಬಾಗಿಲು ತಳ್ಳಿದಾಗ, ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕುಡಿದು ಇವರು ಎಚ್ಚರ ತಪ್ಪಿ ಬಿದ್ದಿದ್ದರು. ಹೇಗೋ ಜೀವ ಉಳಿಯಿತು. ಇನ್ನು ಮನೆಯೊಳಗೆ ಕೆಂಡದ ಸುದ್ದಿ ಎತ್ತಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದರು.

ಹಾಗಾಗಿ ಅವರು ಕಿರಣ್‌ಕುಮಾರನ ಎಲೆಕ್ಟ್ರಿಕಲ್ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಅವನು ಮೂರು ಹೀಟರ್ ತಂದಿಟ್ಟ.

"ಈ ರಾಡಿಂದು ಎದುರಿಗೆ ಕೂತೋರಿಗೆ ಮಾತ್ರ ಬಿಸಿ. ಫ್ಯಾನಿಂದು ಬೇಗ ಕಾಯುತ್ತೆ, ಆದ್ರೆ ಸದ್ದು. ಎಣ್ಣೆದು ನಿಧಾನ, ರೂಮೆಲ್ಲ ಬೆಚ್ಚಗಿಡುತ್ತೆ. ಎಷ್ಟು ಜನ ಕೂರ್ತೀರ ಶಂಕ್ರಣ್ಣ?"

"ಇಬ್ರು" ಎಂದುಬಿಟ್ಟರು.

ಕಾಂತಮ್ಮನ ಮಣ್ಣಿಗೆ ಬಂದಿದ್ದ ಕಿರಣ್ ತಲೆ ತಗ್ಗಿಸಿದ. "ಎಣ್ಣೆದೇ ತಗೊಳಿ ಅಣ್ಣ. ಹೊಗೆ ಇಲ್ಲ, ಏನಿಲ್ಲ. ಕಿಟಕಿ ಬಾಗ್ಲು ಹಾಕ್ಕೊಂಡು ಆರಾಮಾಗಿ ಕೂತ್ಕೊಳಿ."

ಆ ಸಂಜೆ ಹೀಟರ್ ಹಚ್ಚಿದರು. ಕೋಣೆ ಮೂಲೆ ಮೂಲೆಯೂ ಬೆಚ್ಚಗಾಯಿತು. ಅದಕ್ಕೆ ಕೆಂಡ ಕೆದಕುವವರು ಬೇಡ, ಕಿಟಕಿ ತೆಗೆಯುವವರೂ ಬೇಡ. ಶಿವಶಂಕರಪ್ಪನವರಿಗೆ ಸಂಕಟ ತಡೆಯಲಾಗಲಿಲ್ಲ. ಎದ್ದು ಹೋಗಿ ಕಿಟಕಿಯನ್ನು ಗೇಣಗಲ ತೆಗೆದರು. ಚಳಿ ಒಳಗೆ ನುಗ್ಗಿತು.

"ಚಳಿನೂ ಒಳಗೆ ಕರೀತೀಯಲ್ಲೇ!" ಎಂದು ಜೋರಾಗಿ ರೇಗಿದರು. ಆಮೇಲೆ, ಆಕೆ ಕಾಲು ಚಾಚುತ್ತಿದ್ದ ಜಾಗ ಬಿಟ್ಟು, ಪಕ್ಕಕ್ಕೆ ಕೂತರು.