ಓಡಿಹೋಗದ ಚೇಟ

ಚೇಟನ ಬಲಗೈ ಹೆಬ್ಬೆರಳಿನ ಬದಿಯಲ್ಲಿ ರಬ್ಬರ್ ಹಾಲು ಒಣಗಿ ಕಪ್ಪಾದ ಗೆರೆಯೊಂದು ಸದಾ ಇರುತ್ತಿತ್ತು. ಭಾನುವಾರ ಇಗರ್ಜಿಯಿಂದ ನೇರ ಕಡಬದ ನಮ್ಮ ಮನೆಗೆ ಬಂದು, ಬಿಳಿ ಅಂಗಿಯ ತೋಳು ಮಡಚಿ, ಆ ಬೆರಳನ್ನು ವಿಡಿಯೋ ಆಟದ ಕಂಟ್ರೋಲರಿನ ಮೇಲಿಡುತ್ತಿದ್ದರು. ಟಿವಿಯ ಮುಂದೆ ನಾವು ಮೂವರು: ಚೇಟ, ನಾನು, ಎಲೆಯಡಿಕೆ ಹಾಕಿಕೊಂಡ ನನ್ನ ಅಜ್ಜಿ. ಕೇರಳದಿಂದ ಬಂದು ನೆಲೆಸಿದ ಮನೆಯವರಾದ್ದರಿಂದ ಊರಿಗೆಲ್ಲ ಅವರು ಚೇಟ, ಅಂದರೆ ಅಣ್ಣ. ಕೊಯಿಲದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು.

ಆಟ ಕತ್ತಿಕಾಳಗದ್ದು, ಮೂರು ಭಾಗ. ಇಂಟರ್ನೆಟ್ಟಿನಲ್ಲಿ ಎಲ್ಲಿಯವರೋ ಎದುರಾಳಿಯಾಗಿ ಬರುತ್ತಾರೆ. ಮಾತಿಲ್ಲ, ಬರೀ ಸನ್ನೆ. ಭಾಗದಿಂದ ಭಾಗಕ್ಕೆ ಈ ಹೊಡೆದಾಟ ಹೇಗೆ ಬದಲಾಯಿತೆಂದು ನೋಡುವುದು ಚೇಟನ ಹುಚ್ಚು.

“ಒಂದನೆಯದ್ದರಲ್ಲಿ ಬೆನ್ನು ಕಾಯಬೇಕು. ಹಿಂದಿನಿಂದ ಇರಿದರೆ ಮುಗಿಯಿತು. ಎರಡನೆಯದ್ದರಲ್ಲಿ ಉಸಿರು ಕಾಯಬೇಕು, ನಾಲ್ಕು ಸಲ ಬೀಸಿದರೆ ಮತ್ತೆ ಕೈ ಏಳುದಿಲ್ಲ. ಮೂರನೆಯದ್ದರಲ್ಲಿ ಉರುಳಲಿಕ್ಕೆ ಗೊತ್ತಿದ್ದರೆ ಸಾಕು.”

“ಎಂತ ಮಾರಾಯ, ಕತ್ತಿ ಹಿಡಿದು ಉರುಳುಸೇವೆಯಾ?” ಎಂದರು ಅಜ್ಜಿ.

“ಹೌದಮ್ಮ. ಹರಕೆ ಯಾರದ್ದೂಂತ ಮಾತ್ರ ಗೊತ್ತಿಲ್ಲ.”

ಅವರಿಗೆ ಇಷ್ಟ ಎರಡನೆಯದು. ಅದರಲ್ಲೊಂದು ಕಲ್ಲಿನ ಸೇತುವೆ ಇದೆ. ಎದುರಿನವನು ತಲೆಬಾಗಿ ವಂದಿಸುವ ತನಕ ಚೇಟ ಕತ್ತಿ ಎತ್ತುತ್ತಿರಲಿಲ್ಲ. ವಂದಿಸದೆ ಹೊಡೆದವರ ಕೈಯಲ್ಲಿ ಎಷ್ಟೋ ಸಲ ಸತ್ತರು.

ಒಂದು ಭಾನುವಾರ ಆ ಸೇತುವೆಗೆ ಈಟಿಯವನೊಬ್ಬ ಬಂದ. ಅವನ ಶಿರಸ್ತ್ರಾಣ ನೋಡಿ ಅಜ್ಜಿ ‘ಮಡಕೆಯವ’ ಎಂದು ಹೆಸರಿಟ್ಟರು. ಬಂದವನೇ ಸೊಂಟದವರೆಗೆ ಬಾಗಿದ. ಕಾಳಗ ಶುರುವಾಯಿತು. ಜೀವ ಎಷ್ಟು ಉಳಿದಿದೆಯೆಂದು ತೋರಿಸುವ ಕೆಂಪು ಪಟ್ಟಿಯಲ್ಲಿ ಚೇಟನದು ಉಗುರಿನಷ್ಟಾಯಿತು. ಮಡಕೆಯವ ಈಟಿ ಎತ್ತಿದ. ಕರೆಂಟು ಹೋಯಿತು.

ಅಜ್ಜಿ ಕೊಟ್ಟ ಚಾ ಚೇಟ ಕುಡಿಯಲಿಲ್ಲ. “ಸೋಲುವ ಹೊತ್ತಿಗೆ ನಾನು ಓಡಿದೆ ಅಂತ ಅವ ಗ್ರಹಿಸಿದನಾ ಏನೋ” ಎಂದಷ್ಟೇ ಹೇಳಿದರು.

ಹಾಗೆ ಗ್ರಹಿಸಬಹುದೇ ಎಂದು ಪರೀಕ್ಷಿಸಲೇಬೇಕಾಯಿತು. ನಾನು ಕೆಲಸ ಮಾಡುತ್ತಿದ್ದ ದರ್ಬೆ ಪೇಟೆಯ ಅಂಗಡಿಯಲ್ಲಿ ಈ ಆಟ ಆಡುವ ಇನ್ನೊಂದು ಯಂತ್ರವಿತ್ತು. ಅಲ್ಲಿಂದ ನಾನು, ಕಡಬದಿಂದ ಚೇಟ, ಮೂರೂ ಭಾಗಗಳಲ್ಲಿ ಕಾಳಗಕ್ಕಿಳಿದೆವು. ಪ್ರತಿ ಸಲವೂ ನಡುವೆ ಅವರು ಪ್ಲಗ್ಗು ಕಿತ್ತರು.

“ಎಂತ ಕಂಡಿತು?” ಫೋನಿನಲ್ಲಿ ಆತುರ.

“ಒಂದರಲ್ಲಿಯೂ ಮೂರರಲ್ಲಿಯೂ ನೀವು ಬೊಂಬೆಯ ಹಾಗೆ ನಿಂತಿರಿ, ಮತ್ತೆ ಮಾಯ. ಎಂತದೋ ಕೆಟ್ಟಿತು ಅಂತ ಗೊತ್ತಾಗ್ತದೆ.”

“ಎರಡರಲ್ಲಿ?”

ಹೇಳಲು ಮನಸ್ಸಾಗಲಿಲ್ಲ. “ಅದರಲ್ಲಿ ನಿಲ್ಲುದೇ ಇಲ್ಲ, ಫಕ್ಕನೆ ಮಾಯ ಚೇಟ. ಓಡಿದ ಹಾಗೆಯೇ ಕಾಣುದು.”

ಮುಂದಿನ ನಾಲ್ಕು ಭಾನುವಾರ ಅವರು ಯಾರೊಂದಿಗೂ ಕಾದಾಡಲಿಲ್ಲ. ಮಡಕೆಯವನಿಗಾಗಿ ಸೇತುವೆಯ ಮೇಲೆ ನಿಂತು ಕಾದರು. ನಾಲ್ಕನೆಯ ವಾರ ಅಜ್ಜಿ ಕೂಗಿದರು, “ಅಗಾ, ಮಡಕೆ ಬಂತು!”

ಮಡಕೆಯವ ಈ ಸಲ ವಂದಿಸಲಿಲ್ಲ. ಚೇಟನೂ ಕತ್ತಿ ಎತ್ತಲಿಲ್ಲ. ಪಕ್ಕದ ಗೋಡೆ ಹತ್ತಿ ಕೆಳಕ್ಕೆ ಹಾರಿದರು. ಎತ್ತರದಿಂದ ಬಿದ್ದರೆ ಜೀವ ಇಳಿಯುತ್ತದೆ. ಮತ್ತೆ ಹತ್ತಿದರು, ಮತ್ತೆ ಹಾರಿದರು. ಕೆಂಪು ಪಟ್ಟಿ ಅವತ್ತಿನಂತೆಯೇ ಉಗುರಿನಷ್ಟಾದಾಗ ಸೇತುವೆಗೆ ಬಂದು ಬಾಗಿ ನಿಂತರು.

ಮಡಕೆಯವ ಈಟಿ ಕೆಳಗಿಳಿಸಿದ. ಆಮೇಲೆ ಸೊಂಟದವರೆಗೆ ಬಾಗಿದ. ಎದ್ದು ಒಂದೇ ಏಟು.

“ಸೋತೆ!” ಚೇಟ ಎರಡೂ ಕೈ ಮೇಲೆತ್ತಿ ನಕ್ಕರು. “ಅಮ್ಮ, ಈಗ ಚಾ ಕೊಡಿ.”

ಚೇಟ ತೀರಿಕೊಂಡು ಎರಡು ವರ್ಷವಾಯಿತು. ಹೋದ ಭಾನುವಾರ ಅದೇ ಸೇತುವೆಯಲ್ಲಿ ನಾನು ಸೋಲುತ್ತಿದ್ದಾಗ ಕರೆಂಟು ಹೋಯಿತು. ಕರೆಂಟು ಬಂದು ಅದೇ ಎದುರಾಳಿ ಪುನಃ ಸಿಕ್ಕ ಮೇಲೆ ನಾನೂ ಗೋಡೆ ಹತ್ತಿ ಹಾರಿದೆ, ಎರಡು ಸಲ. ಇಷ್ಟು ಸಾಕೆಂದು ಸೇತುವೆಯ ಕಡೆ ತಿರುಗಿದೆ.

“ಇನ್ನೊಮ್ಮೆ ಹಾರು ಮಗಾ” ಎಂದರು ಅಜ್ಜಿ. “ಕರೆಂಟು ಹೋಗುವಾಗ ಇದ್ದದ್ದು ಇದಕ್ಕಿಂತ ಕಡಿಮೆ. ನಾನು ನೋಡಿದ್ದೇನೆ.”

ಇನ್ನೊಮ್ಮೆ ಹಾರಿದೆ.