ಬೆಂಚಿನ ಮೇಲಿನ ಮ್ಯೂಸಿಯಂ

ಮೊನ್ನೆ ನಾಗಸಂದ್ರದ ಸ್ಟೇಷನರಿ ಅಂಗಡಿಯಲ್ಲಿ ಯಾರೋ ಇಂಡಿಯನ್ ಇಂಕಿನ ಶೀಷೆ ಬೀಳಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷದ ಹಿಂದಿನ ಇತಿಹಾಸದ ಮೇಷ್ಟ್ರು ನೆನಪಾದರು. ಕೊಳ್ಳಲು ಹೋದದ್ದನ್ನು ಕೊಳ್ಳದೆ ಹೊರಗೆ ಬಂದುಬಿಟ್ಟೆ.

ಎಂಬತ್ತರ ದಶಕದ ಆರಂಭ. ನಾನು ಹಗಲು ದಾಸರಹಳ್ಳಿಯಲ್ಲಿ ಟೈಪಿಸ್ಟ್, ಸಂಜೆ ಯಶವಂತಪುರದ ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿನಿ. ತರಗತಿಯಲ್ಲಿದ್ದವರಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳವರು. ಡಿಗ್ರಿ ಸಿಕ್ಕರೆ ಮೆಷಿನ್ನು ಬಿಟ್ಟು ಮೇಜಿನ ಮುಂದೆ ಕೂರಬಹುದೆಂದು ಬಂದವರು. ಧಾರವಾಡದ ಕಡೆಯ ಈ ಮೇಷ್ಟ್ರು ನಮಗೆ ಆಧುನಿಕ ಅಮೆರಿಕದ ರಾಜಕೀಯ ಇತಿಹಾಸ ಹೇಳುತ್ತಿದ್ದರು.

ಬೇರೆ ಮೇಷ್ಟ್ರುಗಳೆಲ್ಲ ನೋಟ್ಸ್ ಬರೆಸುತ್ತಿದ್ದರು. ಇವರು ಮಾತ್ರ ಅಮೆರಿಕದ ಯಾವುದೋ ಮ್ಯೂಸಿಯಂಗೆ ಕಾಗದ ಬರೆದು, ಅವರು ಶಾಲೆಗಳಿಗೆಂದು ಮಾಡಿದ ಪಾಠದ ಹಾಳೆಗಳನ್ನು ತರಿಸಿಕೊಂಡಿದ್ದರು. ಎದೆಗೆ ಚುಚ್ಚಿಕೊಳ್ಳುವ ಚುನಾವಣೆಯ ಬಿಲ್ಲೆಗಳ ಚಿತ್ರ, ಒಂದು ಮೆರವಣಿಗೆಯ ಫೋಟೋ, ಅಧ್ಯಕ್ಷರೊಬ್ಬರ ರಾಜೀನಾಮೆ ಪತ್ರದ ನಕಲು... ಎಲ್ಲವನ್ನೂ ಬೆಂಚಿನ ಮೇಲೆ ಜೋಡಿಸುತ್ತಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ಪ್ರತಿಯೊಂದರ ಕೆಳಗಿಡುವ ವಿವರದ ಚೀಟಿಗಳನ್ನು ಇಂಡಿಯನ್ ಇಂಕಿನಲ್ಲಿ ನನ್ನಿಂದಲೇ ಬರೆಸುತ್ತಿದ್ದರು. ಮೂರು ನಿಮಿಷ ಸುಮ್ಮನೆ ನೋಡಬೇಕು. ಆಮೇಲೆ ಮೂರೇ ಪ್ರಶ್ನೆ: ಬರೆದವರು ಯಾರು, ಯಾರಿಗೆ ಬರೆದರು, ಇದರಲ್ಲಿ ಏನಿಲ್ಲ?

ಆ ರಾಜೀನಾಮೆ ಒಂದೇ ಸಾಲಿನದು. "ಕಾರಣ ಇಲ್ಲ ಸರ್" ಅಂದೆ.

"ಭೇಷ್! ಇಲ್ಲದ್ದನ್ನ ಹುಡುಕೋದೇ ನಮ್ಮ ಕೆಲಸ ನೋಡವಾ" ಎಂದು ಮುಖ ಅರಳಿಸಿದರು. ನಾನು ವಾರವೆಲ್ಲ ಬೀಗುತ್ತಾ ಓಡಾಡಿದೆ.

ಪರೀಕ್ಷೆ ಹತ್ತಿರ ಬಂತು. ಯಾರ ಪುಸ್ತಕದಲ್ಲೂ ಈ ವಿಷಯದ ನೋಟ್ಸ್ ಇರಲಿಲ್ಲ. ಲೇತ್ ಕೆಲಸದ ಸಹಪಾಠಿಯೊಬ್ಬರು ಬಸ್‌ಸ್ಟಾಪಿನಲ್ಲಿ ನನ್ನನ್ನು ಹಿಡಿದರು. "ಫೇಲಾದ್ರೆ ನನ್ ಪ್ರಮೋಷನ್ ಹೋಯ್ತು ಕಣ್ರೀ. ನಮಗೂ ನೋಟ್ಸ್ ಬರೆಸ್ಬೇಕು ಅಂತ ಪ್ರಿನ್ಸಿಪಾಲ್ರಿಗೆ ಒಂದ್ ಅರ್ಜಿ ಬರ್ಕೊಡಿ. ನಿಮ್ ರೈಟಿಂಗ್ ಚೆನ್ನಾಗಿದೆ."

ಅವರ ಕಷ್ಟ ಸುಳ್ಳಲ್ಲ. ನನಗೂ ಭಯವಿತ್ತು. ಬರೆದುಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಚಿತ್ರ ತೋರಿಸಿ ಕಾಲಹರಣ ಮಾಡುತ್ತಾರೆ" ಎಂದು ಯಾರೂ ಹೇಳದ ಸಾಲೊಂದನ್ನೂ ಸೇರಿಸಿದೆ. ಎಲ್ಲರೂ ಸಹಿ ಹಾಕಿದರು. ನಾನು ಹಾಕಲಿಲ್ಲ. ಮೇಷ್ಟ್ರ ಮುಂದೆ ಒಳ್ಳೆಯವಳಾಗಿಯೇ ಉಳಿಯಬೇಕಿತ್ತಲ್ಲ!

ಮುಂದಿನ ತರಗತಿಯಲ್ಲಿ ಮೇಷ್ಟ್ರು ಬೆಂಚಿನ ಮೇಲೆ ಒಂದೇ ಹಾಳೆ ಇಟ್ಟರು. ಪ್ರಿನ್ಸಿಪಾಲರು ಅವರ ಕೈಗೆ ಕೊಟ್ಟಿದ್ದ ನಮ್ಮ ಅರ್ಜಿ. ಚೀಟಿ ಇರಲಿಲ್ಲ.

"ಮೂರು ನಿಮಿಷ ನೋಡ್ರಿ" ಅಂದರು. ವರ್ಷವಿಡೀ ಚೀಟಿಗಳಲ್ಲಿ ನೋಡಿದ ಅಕ್ಷರ ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಯಾರು ಬರೆದರೆಂದು ಕೇಳಲಿಲ್ಲ. ಯಾರಿಗೆ ಎಂದೂ ಕೇಳಲಿಲ್ಲ. ಮೂರನೆಯದನ್ನಷ್ಟೇ ಕೇಳಿದರು. "ಇದರಾಗ ಏನಿಲ್ಲ?"

ನನ್ನ ಕಡೆ ನೋಡಲೇ ಇಲ್ಲ. ಕಾದರು. ನಾನು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದೆ...

"ಹೋಗ್ಲಿ ಬಿಡ್ರಿ. ನೋಟ್ಸ್ ಬರ್ಕೋರಿ" ಎಂದು ಹಾಳೆ ಮಡಿಸಿದರು. ಅಂದಿನಿಂದ ಕೊನೆಯ ದಿನದವರೆಗೆ ಬರೆಸಿದರು. ಮ್ಯೂಸಿಯಂ ಹಾಳೆಗಳು ಮತ್ತೆ ಹೊರಗೆ ಬರಲಿಲ್ಲ.

ಎಲ್ಲರೂ ಪಾಸಾದೆವು. ಲೇತಿನವರಿಗೆ ಪ್ರಮೋಷನ್ನೂ ಆಯಿತು. ಮೇಷ್ಟ್ರು ಮರುವರ್ಷ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಒಂದು ಕಾಗದ ಬರೆಯೋಣವೆಂದು ಎಷ್ಟೋ ಸಲ ಕೂತೆ. ಆ ದುಂಡಕ್ಷರ ನೋಡಿ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. ಅವರು ತೀರಿಕೊಂಡ ಸುದ್ದಿ ತಲುಪಿದ್ದೂ ಒಂದು ವರ್ಷ ತಡವಾಗಿ. ಆಮೇಲೆ ಬರೆಯಲು ವಿಳಾಸವೂ ಉಳಿಯಲಿಲ್ಲ.

ನಿನ್ನೆ ಮತ್ತೆ ಅಂಗಡಿಗೆ ಹೋಗಿ ಒಂದು ಶೀಷೆ ಇಂಕು ತಂದೆ. ಮೇಜಿನ ಮೇಲೆ ಹಾಗೇ ಇದೆ, ಮುಚ್ಚಳ ತೆಗೆದಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ನನಗೆ ಅಂದೇ ಗೊತ್ತಿತ್ತು. ಬರೆದವಳ ಸಹಿ ಇಲ್ಲ, ಸರ್.